ಸವೆದ ಹಾದಿಯ ಮುದುಕಿ



ಇಂದು ನಾವು ಪುರಾಣವನ್ನು ಬಿಟ್ಟು ದೂರದ ಅಮೇರಿಕೆಯ ಒಂದು ಸಣ್ಣಕಥೆಯನ್ನು ಎತ್ತಿಕೊಂಡಿದ್ದೇವೆ. ಯುಡೋರಾ ವೆಲ್ಟಿ ಎಂಬ ಲೇಖಕಿ 1941ರಲ್ಲಿ ಪ್ರಕಟಿಸಿದ ಕಥೆ. ಹೆಸರು ‘ಎ ವೋರ್ನ್ ಪಾತ್’, ಎಂದರೆ ನಡೆದು ನಡೆದು ಸವೆದ ಹಾದಿ. ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣಗಳನ್ನೇ ಓದಿ ಬೆಳೆದ ನಮಗೆ ಇದು ತಡವಾಗಿ ದೊರೆಯಿತು. ದೊರೆತ ಮೇಲೆ ಮನಸ್ಸನ್ನು ಬಿಟ್ಟು ಹೋಗಲಿಲ್ಲ.

ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ನ್ಯಾಚೆಜ್ ಎಂಬ ಊರು. ಡಿಸೆಂಬರ್ ತಿಂಗಳ ಚಳಿಯಲ್ಲಿ ಫೀನಿಕ್ಸ್ ಜ್ಯಾಕ್ಸನ್ ಎಂಬ ಕಪ್ಪು ಜನಾಂಗದ ಮುದುಕಿ ಒಬ್ಬಳೇ ಅಲ್ಲಿಗೆ ಕಾಲ್ನಡಿಗೆಯಲ್ಲಿ ಹೊರಟಿದ್ದಾಳೆ. ಅಲ್ಲಿಯ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಆಗಲೇ ತನಗೆ ಶಾಲೆಗೆ ಹೋಗುವ ವಯಸ್ಸು ಮೀರಿತ್ತು ಎನ್ನುತ್ತಾಳೆ. ಗುಲಾಮಗಿರಿಯಲ್ಲಿ ಹುಟ್ಟಿದ ಜೀವ. ದೃಷ್ಟಿಯನ್ನು ನಂಬುವಂತಿಲ್ಲ. ಕೈಯಲ್ಲಿ ಹಳೆಯ ಕೊಡೆಯಿಂದ ಮಾಡಿಕೊಂಡ ಊರುಗೋಲು. ಗುಡ್ಡ ಏರುತ್ತಾಳೆ, ಮುಳ್ಳುಕಂಟಿ ಸೆರಗು ಹಿಡಿದಂತೆ ಉಡುಪನ್ನು ಹಿಡಿಯುತ್ತದೆ, ಹರಿಯದಂತೆ ಒಂದೊಂದೇ ಮುಳ್ಳು ಬಿಡಿಸುತ್ತಾಳೆ. ಹಳ್ಳಕ್ಕೆ ಅಡ್ಡಲಾದ ಮರದ ದಿಮ್ಮಿಯನ್ನು ಕಣ್ಣು ಮುಚ್ಚಿಯೇ ದಾಟುತ್ತಾಳೆ. ಹೊಲದ ಬೆದರುಬೊಂಬೆಯನ್ನು ದೆವ್ವವೆಂದು ಬೆದರಿ, ಮುಟ್ಟಿ ನೋಡಿ, ತನ್ನನ್ನು ತಾನೇ ನಗುತ್ತಾಳೆ.

ನಾಯಿಯೊಂದು ಮೈಮೇಲೆ ಬಂದು ಆಕೆ ಕಂದಕಕ್ಕೆ ಬೀಳುತ್ತಾಳೆ. ಎತ್ತಿದವನು ಒಬ್ಬ ಬಿಳಿಯ ಬೇಟೆಗಾರ. ಸಾಂಟಾಕ್ಲಾಸ್‌ನನ್ನು ನೋಡಲು ಊರಿಗೆ ಹೊರಟಿದ್ದೀಯೆ ಎಂದು ನಗೆಯಾಡುತ್ತಾನೆ. ಅವನ ಜೇಬಿನಿಂದ ಐದು ಸೆಂಟಿನ ಬಿಲ್ಲೆ ಬಿದ್ದದ್ದನ್ನು ಮುದುಕಿ ಕಂಡು, ಉಪಾಯದಿಂದ ಅವನನ್ನು ಅತ್ತ ಕಳುಹಿಸಿ ಎತ್ತಿಟ್ಟುಕೊಳ್ಳುತ್ತಾಳೆ. ಇದು ಕಳವಲ್ಲವೇ? ಕಳವೇ. ದೇವರು ನೋಡುತ್ತಿದ್ದಾನೆಂದು ಆಕೆಯೇ ನೊಂದುಕೊಳ್ಳುತ್ತಾಳೆ, ನಾವು ಮುಚ್ಚಿಹಾಕುವುದಿಲ್ಲ. ಆದರೆ ಹಿಂತಿರುಗಿದ ಬೇಟೆಗಾರ, ಹಣವಿದ್ದಿದ್ದರೆ ಕೊಡುತ್ತಿದ್ದೆ, ಜೊತೆಯಲ್ಲಿ ತಂದಿಲ್ಲ ಎನ್ನುತ್ತಾನೆ. ಅವನ ಸುಳ್ಳಿಗೆ ಪಶ್ಚಾತ್ತಾಪವಿಲ್ಲ. ತಮಾಷೆಗೆ ಬಂದೂಕು ಗುರಿಯಿಟ್ಟಾಗಲೂ ಮುದುಕಿ ನೆಟ್ಟಗೆ ನಿಲ್ಲುತ್ತಾಳೆ. ಇದಕ್ಕಿಂತ ಸಣ್ಣ ತಪ್ಪಿಗೆ ಬಂದೂಕು ಸಿಡಿದದ್ದನ್ನು ಎಷ್ಟೋ ಕಂಡಿದ್ದೇನೆ ಎಂಬ ಅರ್ಥದ ಮಾತಾಡುತ್ತಾಳೆ. ಆ ಮಾತಿನ ಹಿಂದೆ ಒಂದು ಜನಾಂಗದ ಚರಿತ್ರೆಯಿದೆ.

ಊರು ಮುಟ್ಟಿದ ಮೇಲೆ ಕಣ್ಣನ್ನು ನಂಬದೆ, ಎಲ್ಲಿ ನಿಲ್ಲಬೇಕೆಂಬುದನ್ನು ಕಾಲಿಗೇ ಬಿಡುತ್ತಾಳೆ. ಕಾಲು ವೈದ್ಯರ ಕಚೇರಿಗೆ ಒಯ್ದು ನಿಲ್ಲಿಸುತ್ತದೆ. ಅಲ್ಲಿಯವಳು ಮೊದಲ ನೋಟಕ್ಕೇ ಧರ್ಮಾರ್ಥದ ರೋಗಿಯೆಂದು ಊಹಿಸುತ್ತಾಳೆ. ದಾದಿ ಪ್ರಶ್ನೆ ಕೇಳಿದರೆ ಮುದುಕಿಗೆ ತಾನು ಬಂದ ಕಾರಣವೇ ಮರೆತುಹೋಗಿದೆ! ಸ್ವಲ್ಪ ಹೊತ್ತಿನ ಮೇಲೆ ನೆನಪು ಬೆಳಗುತ್ತದೆ. ಎರಡು ಮೂರು ವರ್ಷದ ಹಿಂದೆ ಕ್ಷಾರ ನುಂಗಿದ ಮೊಮ್ಮಗ. ಆಗಾಗ ಅವನ ಗಂಟಲು ಮುಚ್ಚಿಕೊಳ್ಳುತ್ತದೆ. ಆಗೆಲ್ಲ ಅಜ್ಜಿ ಔಷಧಕ್ಕೆ ಬರಬೇಕು. ದಾದಿ ಔಷಧ ಕೊಟ್ಟು ಪುಸ್ತಕದಲ್ಲಿ ‘ಧರ್ಮಾರ್ಥ’ ಎಂದು ಬರೆದುಕೊಳ್ಳುತ್ತಾಳೆ. ದಾಸೋಹ ನಡೆಸುವ ನಮ್ಮಂಥವರು ಇಲ್ಲಿ ಸ್ವಲ್ಪ ತಡೆದು ಓದಬೇಕು. ಕೊಟ್ಟದ್ದು ನಮ್ಮ ಪುಸ್ತಕದಲ್ಲೂ ಬರೆದಿರುತ್ತದೆ. ಬಂದವರು ನಡೆದ ದಾರಿ ಯಾವ ಪುಸ್ತಕದಲ್ಲಿದೆ?

ಮೊಮ್ಮಗ ನಿಜವಾಗಿ ಬದುಕಿದ್ದಾನೆಯೇ, ಅವನು ಎಂದೋ ತೀರಿಕೊಂಡು ಮುದುಕಿ ಭ್ರಮೆಯಲ್ಲಿ ನಡೆಯುತ್ತಿದ್ದಾಳೆಯೇ ಎಂದು ಓದುಗರು ಲೇಖಕಿಯನ್ನು ಪದೇಪದೇ ಕೇಳಿದರಂತೆ. 1974ರಲ್ಲಿ ಆಕೆ ಒಂದು ಲೇಖನವನ್ನೇ ಬರೆದು ಉತ್ತರಿಸಿದರು: ಫೀನಿಕ್ಸ್ ಬದುಕಿದ್ದಾಳೆ, ಕಥೆಗೆ ಅಷ್ಟು ಸಾಕು ಎಂಬುದು ಅದರ ತಾತ್ಪರ್ಯ. ನಾವೂ ಮೊದಲ ಓದಿನಲ್ಲಿ ಹುಡುಗನ ಚಿಂತೆಯಲ್ಲೇ ಇದ್ದೆವು. ಮತ್ತೆ ಓದಿದಾಗ ತಿಳಿಯಿತು, ನಾವೂ ಆ ಬೇಟೆಗಾರನಂತೆ, ಹೋಗುವುದರಿಂದ ಏನು ಸಿಗುತ್ತದೆಂದು ಅಳೆಯುತ್ತಿದ್ದೆವು. ಮುದುಕಿ ಅದನ್ನು ಅಳೆದೇ ಇಲ್ಲ. ಮನಸ್ಸು ಮರೆತ ಗಳಿಗೆಯಲ್ಲೂ ಕಾಲು ಹಾದಿ ತಪ್ಪಲಿಲ್ಲ. ಅಷ್ಟು ಸಲ ನಡೆದಿದ್ದಾಳೆ.

ಕಚೇರಿಯವಳು ಹಬ್ಬವೆಂದು ಚಿಲ್ಲರೆ ಕೊಡಹೋದಾಗ, ಮುದುಕಿ ಲೆಕ್ಕ ಹೇಳಿ ಇನ್ನೊಂದು ಐದು ಸೆಂಟಿನ ಬಿಲ್ಲೆಯನ್ನೇ ಪಡೆಯುತ್ತಾಳೆ. ಎರಡು ಬಿಲ್ಲೆ ಸೇರಿತು. ತನಗೆ ರೊಟ್ಟಿಯಿಲ್ಲ, ಕಂಬಳಿಯಿಲ್ಲ. ಮೊಮ್ಮಗನಿಗೆ ಒಂದು ಕಾಗದದ ಗಿರಿಗಿಟ್ಟಲೆ ಕೊಳ್ಳುತ್ತೇನೆ ಎಂದು ಹೇಳಿ ಮೆಟ್ಟಿಲಿಳಿಯುತ್ತಾಳೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಹಿಂದಿರುಗುವ ದಾರಿಯಲ್ಲಿ ಅದೇ ದಿಮ್ಮಿ, ಅದೇ ಮುಳ್ಳುಕಂಟಿ, ಅದೇ ಗುಡ್ಡ. ಈ ಸಲ ಒಂದು ಕೈಯಲ್ಲಿ ಗಿರಿಗಿಟ್ಟಲೆ ಬೇರೆ.