ಕೀಟೋ ಪಥ್ಯವೂ ರಕ್ತಪರೀಕ್ಷೆಯೂ
ದೇಹವನ್ನು ಪ್ರಸಾದಕಾಯವೆಂದು ಭಾವಿಸುವ ನಮಗೆ ಅದರ ರಕ್ಷಣೆಯೂ ಧರ್ಮವೇ ಆಗಿದೆ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಅಪಸ್ಮಾರ ರೋಗಿಗಳಿಗೆಂದು ಸೂಚಿತವಾದ ಕೀಟೋ ಪಥ್ಯವು ಇಂದು ತೂಕ ಇಳಿಸುವ ಹಂಬಲದಿಂದ ಮನೆಮನೆಗಳನ್ನು ಹೊಕ್ಕಿದೆ. ರೊಟ್ಟಿ, ಅನ್ನಗಳು ದೂರವಾಗಿ ಬೆಣ್ಣೆ, ತುಪ್ಪ, ಪನೀರು ತಟ್ಟೆ ತುಂಬುತ್ತವೆ.

ಈ ಪಥ್ಯದಿಂದ ಸಾಮಾನ್ಯವಾಗಿ ರಕ್ತದ ಟ್ರೈಗ್ಲಿಸರೈಡ್ ಇಳಿಯುತ್ತದೆ, ಎಚ್‌ಡಿಎಲ್ ಏರುತ್ತದೆ. ಆದರೆ ಕೆಲವರಲ್ಲಿ, ಅದರಲ್ಲೂ ಕೃಶ ಶರೀರದವರಲ್ಲಿ, ಎಲ್‌ಡಿಎಲ್ ಕೊಲೆಸ್ಟರಾಲ್ ಬಹಳವಾಗಿ ಹೆಚ್ಚುವುದುಂಟು. ಬೆಣ್ಣೆ ತುಪ್ಪಗಳ ಸ್ಯಾಚುರೇಟೆಡ್ ಕೊಬ್ಬು, ಎಲ್‌ಡಿಎಲ್ಲನ್ನು ರಕ್ತದಿಂದ ಹೀರಿಕೊಳ್ಳುವ ಯಕೃತ್ತಿನ ಶಕ್ತಿಯನ್ನು ಕುಗ್ಗಿಸುವುದು ಇದಕ್ಕೊಂದು ಕಾರಣ. ಮೊದಲೆರಡರ ಸುಧಾರಣೆಯು ಈ ಅಪಾಯವನ್ನು ಅಳಿಸಲಾರದು.

ತೂಕ ಇಳಿಯುತ್ತಿರುವಾಗಿನ ಏರಿಕೆ ತಾತ್ಕಾಲಿಕವೂ ಆಗಿರಬಹುದು. ತೂಕ ಸ್ಥಿರವಾದ ಮೇಲೆ ಮರುಪರೀಕ್ಷೆ ಯುಕ್ತ. ಆದರೆ ಎಲ್‌ಡಿಎಲ್ 190 ಮುಟ್ಟಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಾತ್ರೆಗಳನ್ನು ತಾವಾಗಿ ನಿಲ್ಲಿಸಲಾಗದು. ತೆಳುವಾದ ಮೈಯನ್ನು ಕಂಡು ಹಿಗ್ಗುವ ಮುನ್ನ ರಕ್ತದ ಸಾಕ್ಷಿಯನ್ನೂ ಕೇಳೋಣ.