ಸೋಲುವ ಹಕ್ಕು ಎಲ್ಲರಿಗೂ ಒಂದೇ ಆಗಲಿ

1940ರ ಡಿಸೆಂಬರ್ 12. ದೆಹಲಿಯ ಇರ್ವಿನ್ ಆಂಫಿಥಿಯೇಟರ್‌ನಲ್ಲಿ ಡ್ಯುರಾಂಡ್ ಕಪ್ ಫುಟ್‌ಬಾಲ್ ಫೈನಲ್. ಒಂದು ಕಡೆ ಬ್ರಿಟಿಷ್ ಸೇನೆಯ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟ್, ಇನ್ನೊಂದು ಕಡೆ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಸೀಟಿ ಹಿಡಿದವರು ಕ್ಯಾಪ್ಟನ್ ಹರ್ನಾಮ್ ಸಿಂಗ್. 1888ರಲ್ಲಿ ಶಿಮ್ಲಾದಲ್ಲಿ ಶುರುವಾಗಿ, ಗೋರಾ ಪಲ್ಟನ್‌ಗಳ ಸ್ವತ್ತಿನಂತೆ ಬೆಳೆದಿದ್ದ ಈ ಪಂದ್ಯಾವಳಿ ಬೆಟ್ಟ ಇಳಿದು ದೆಹಲಿಗೆ ಬಂದಿತ್ತು. ಮೊಹಮ್ಮಡನ್ 2–1ರಿಂದ ಗೆದ್ದಿತು. ಭಾರತೀಯ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು.

ಅದು ಯಾರ ಗೆಲುವು? ದೇಶದ್ದೇ, ಸಮುದಾಯದ್ದೇ? ಲಾಹೋರಿನಲ್ಲಿ ಮುಸ್ಲಿಂ ಲೀಗ್ ಮುಸ್ಲಿಮರಿಗೆ ಪ್ರತ್ಯೇಕ ನಾಡು ಕೇಳುವ ನಿರ್ಣಯ ಅಂಗೀಕರಿಸಿ ಆಗ ಒಂಬತ್ತು ತಿಂಗಳು ಕೂಡ ತುಂಬಿರಲಿಲ್ಲ. ಹಾಗಾಗಿ ಒಂದೇ ಗೋಲಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚಿದರು. ಇರ್ವಿನ್ ಆಂಫಿಥಿಯೇಟರ್ ಇಂದು ಮೇಜರ್ ಧ್ಯಾನ್‌ಚಂದ್ ರಾಷ್ಟ್ರೀಯ ಕ್ರೀಡಾಂಗಣ. ಹೆಸರು ಬದಲಾಗಿದೆ. ಆದರೆ ಆಟಗಾರನ ಕಾಲಿನ ಚಳಕವನ್ನು ಬಿಟ್ಟು ಅವನ ದೇವರನ್ನು ಹುಡುಕುವ ಅಭಿಮಾನಿ ಇನ್ನೂ ಗ್ಯಾಲರಿಯಲ್ಲಿ ಕೂತೇ ಇದ್ದಾನೆ.

ಬೆಂಗಳೂರಿನ ಕಾಲ್ಚೆಂಡು

ಮೊಹಮ್ಮಡನ್ ಸ್ಪೋರ್ಟಿಂಗ್ ಹುಟ್ಟಿದ್ದು 1891ರಲ್ಲಿ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ಈ ಕ್ಲಬ್ಬು ದೇಶದ ಮೂಲೆಮೂಲೆಯಿಂದ ಮುಸ್ಲಿಂ ಆಟಗಾರರನ್ನು ಕರೆಸಿಕೊಳ್ಳುತ್ತಿತ್ತು. ನಮ್ಮ ಬೆಂಗಳೂರಿನ ಹುಡುಗರೂ ಅಲ್ಲಿದ್ದರು. ಇತ್ತ ಬೆಂಗಳೂರಿನಲ್ಲೇ ಇನ್ನೊಂದು ಬಲಿಷ್ಠ ತಂಡವಿತ್ತು: ಬ್ಯಾಂಗಲೋರ್ ಮುಸ್ಲಿಮ್ಸ್. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ ಈ ತಂಡ ಮೊಹಮ್ಮಡನ್ ಸ್ಪೋರ್ಟಿಂಗನ್ನೇ 1–0ರಿಂದ ಸೋಲಿಸಿತು. ಮರುವರ್ಷ ಸ್ಕಾಟ್ಲೆಂಡಿನ ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಪಡೆಯನ್ನು ಮಣಿಸಿ ಕಪ್ಪನ್ನು ಉಳಿಸಿಕೊಂಡಿತು. 1940ರ ರೋವರ್ಸ್ ಫೈನಲ್‌ನಲ್ಲಿ ಮೊಹಮ್ಮಡನ್ ಅದೇ 1–0 ಅಂತರದಿಂದ ಸೇಡು ತೀರಿಸಿಕೊಂಡಿತು.

ಎರಡೂ ಮುಸ್ಲಿಂ ಹೆಸರಿನ ತಂಡಗಳು. ಆದರೂ ಪೈಪೋಟಿ ಹಲ್ಲು ಕಚ್ಚಿ ನಡೆಯಿತು, ಬೆಂಗಳೂರು ಮತ್ತು ಕಲ್ಕತ್ತೆಗಳ ನಡುವೆ. ಹೆಸರಿನಲ್ಲಿ ಧರ್ಮ ಇದ್ದ ಮಾತ್ರಕ್ಕೆ ತಂಡ ದ್ವೇಷದ ಗುಂಪಾಗುವುದಿಲ್ಲ. ಓದು, ನೌಕರಿ, ಅಧಿಕಾರ ಎಲ್ಲದರಲ್ಲೂ ಹಿಂದೆ ಬಿದ್ದವರಿಗೆ ಹನ್ನೊಂದು ಮಂದಿಯ ತಂಡವೊಂದು ಎದೆಯುಬ್ಬಿಸಿ ನಡೆಯುವ ಅವಕಾಶ ಕೊಡುತ್ತದೆ. ಅಲ್ಲಿಯವರೆಗೆ ಅದು ಆತ್ಮಗೌರವ. ಎದುರಾಳಿಯ ಹುಟ್ಟನ್ನೇ ಹೀಗಳೆಯತೊಡಗಿದಾಗ ಅದು ಪಂಥದ ಜಗಳವಾಗುತ್ತದೆ.

ಧರ್ಮದ ಗೆರೆಯನ್ನು ಬರಿಗಾಲಲ್ಲೇ ದಾಟಿದ ಆಟಗಾರನೊಬ್ಬನಿದ್ದ. ಮೊಹಮ್ಮಡನ್‌ನ ವಿಂಗರ್ ಮೊಹಮ್ಮದ್ ಸಲೀಂ 1936ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ ಸೆಲ್ಟಿಕ್ ಕ್ಲಬ್ಬಿನ ಬಾಗಿಲು ತಟ್ಟಿದ. ಬೂಟು ಬೇಡವೆಂದ. ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಸೆಲ್ಟಿಕ್‌ನ ಎರಡನೇ ತಂಡಕ್ಕೆ ಎರಡು ಪಂದ್ಯ ಆಡಿದ. ಎರಡನ್ನೂ ಸೆಲ್ಟಿಕ್ ಭರ್ಜರಿಯಾಗಿ ಗೆದ್ದಿತು. ಸ್ಕಾಟಿಷ್ ಪತ್ರಿಕೆಗಳು ಅವನನ್ನು ಜಾದೂಗಾರನೆಂದು ಕೊಂಡಾಡಿದವು. ಊರಿನ ನೆನಪು ಕಾಡಿ ಸಲೀಂ ಮರಳಿದ. ಒಬ್ಬ ಕ್ಯಾಥೊಲಿಕ್ ಧರ್ಮಬಂಧು ಕಟ್ಟಿದ ಕ್ಲಬ್ಬು ಕಲ್ಕತ್ತೆಯ ಮುಸ್ಲಿಂ ಹುಡುಗನಿಗೆ ಅಂಗಿ ತೊಡಿಸಿದಾಗ, ಗ್ಲಾಸ್ಗೋದ ಇನ್ನೊಂದು ಕ್ಲಬ್ಬಿನಲ್ಲಿ ಕ್ಯಾಥೊಲಿಕ್ಕರಿಗೆ ಜಾಗವಿರಲಿಲ್ಲ.

ಹಸಿರು, ನೀಲಿ ಮತ್ತು ಮುಚ್ಚಿದ ಬಾಗಿಲು

ಸೆಲ್ಟಿಕ್ 1887ರಲ್ಲಿ ಹುಟ್ಟಿದ್ದು ಗ್ಲಾಸ್ಗೋದ ಪೂರ್ವಭಾಗದ ಬಡ ಐರಿಷ್ ಕ್ಯಾಥೊಲಿಕ್ ಮಕ್ಕಳ ಊಟಕ್ಕೆ ಹಣ ಕೂಡಿಸಲು. ಬ್ರದರ್ ವಾಲ್ಫ್ರಿಡ್ ಅದರ ಸ್ಥಾಪಕರು. 1872ರಲ್ಲಿ ಹುಟ್ಟಿದ ರೇಂಜರ್ಸ್‌ಗೆ ಮೊದಲಿಗೆ ಧರ್ಮದ ಗುರುತು ಇರಲಿಲ್ಲ. ಬೆಲ್‌ಫಾಸ್ಟಿನ ಹಡಗು ಕಂಪನಿ ಹಾರ್ಲೆಂಡ್ ಅಂಡ್ ವುಲ್ಫ್ 1912ರಲ್ಲಿ ಗ್ಲಾಸ್ಗೋದ ಗೋವನ್‌ಗೆ ಬಂದ ಮೇಲೆ ಪ್ರಾಟೆಸ್ಟಂಟ್ ಕಾರ್ಮಿಕರು ಅಲ್ಲಿ ನೆಲೆಸಿದರು. ಪಕ್ಕದ ರೇಂಜರ್ಸ್ ಅವರ ಕ್ಲಬ್ಬಾಯಿತು. ಗೊತ್ತಿದ್ದೂ ಕ್ಯಾಥೊಲಿಕ್ ಆಟಗಾರನನ್ನು ತೆಗೆದುಕೊಳ್ಳಬಾರದೆಂಬ ಬರೆಯದ ಕಟ್ಟಳೆ ಅಲ್ಲಿ ದಶಕಗಳ ಕಾಲ ನಡೆಯಿತು. 1989ರಲ್ಲಿ ಕ್ಯಾಥೊಲಿಕ್ಕನಾದ ಮೋ ಜಾನ್‌ಸ್ಟನ್ ಬಂದಾಗ ಕೆಲವು ರೇಂಜರ್ಸ್ ಅಭಿಮಾನಿಗಳು ತಮ್ಮ ಕ್ಲಬ್ಬಿನ ಸ್ಕಾರ್ಫನ್ನೇ ಸುಟ್ಟರು.

ಈ ಕಥೆಯೊಳಗೆ ಫ್ರೀಮೇಸನ್ನರೆಂಬ ಗುಪ್ತ ಸೋದರಕೂಟದ ಹೆಸರು ಮತ್ತೆ ಮತ್ತೆ ಬರುತ್ತದೆ. ಸ್ಕಾಟಿಷ್ ರೆಫರಿಗಳು ಮೇಸನ್ನರು, ಅದಕ್ಕೇ ತೀರ್ಪು ರೇಂಜರ್ಸ್ ಕಡೆಗೆ ವಾಲುತ್ತದೆ ಎಂಬುದು ಸೆಲ್ಟಿಕ್ ಅಭಿಮಾನಿಗಳಲ್ಲಿ ಹಲವರ ಹಳೆಯ ನಂಬಿಕೆ. ಇದು ನಂಬಿಕೆ, ಸಾಬೀತಾದ ಸಂಗತಿಯಲ್ಲ. ಆದರೂ ಅದು ಯಾಕೆ ಬೇರುಬಿಟ್ಟಿತು ಎಂಬುದರಲ್ಲಿ ನಮಗೊಂದು ಪಾಠವಿದೆ.

1723ರ ಮೇಸನ್ ಸಂವಿಧಾನದ ಪ್ರಕಾರ ಅವರ ಸಭಾಕೂಟವಾದ ಲಾಡ್ಜ್‌ನೊಳಗೆ ಧರ್ಮ, ರಾಜಕೀಯದ ಜಗಳ ತರುವಂತಿಲ್ಲ. ಉದ್ದೇಶ ದೊಡ್ಡದು. ಆದರೆ 1738ರಲ್ಲಿ ಪೋಪ್ 12ನೇ ಕ್ಲೆಮೆಂಟ್ ಕ್ಯಾಥೊಲಿಕ್ಕರು ಮೇಸನ್ನರಾಗಬಾರದೆಂದು ಆಜ್ಞೆ ಹೊರಡಿಸಿದರು. ಚರ್ಚ್ ಇಂದಿಗೂ ಆ ನಿಲುವನ್ನು ಬಿಟ್ಟಿಲ್ಲ. ಹೀಗಾಗಿ ಗ್ಲಾಸ್ಗೋದಂಥ ಊರಿನಲ್ಲಿ ಯಾವ ಧರ್ಮದ ಪಕ್ಷವನ್ನೂ ವಹಿಸೆವು ಎಂದ ಸಂಸ್ಥೆಯೊಳಗೆ ಹೆಚ್ಚಾಗಿ ಪ್ರಾಟೆಸ್ಟಂಟರೇ ಉಳಿದರು. ಜೊತೆಗೆ ಬಾಗಿಲು ಮುಚ್ಚಿತ್ತು. ಹೊರಗೆ ನಿಂತವನಿಗೆ ಒಳಗಿನ ಮೌನ ಸಂಚಿನಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಗುಮಾನಿ ತಣಿಯಲೇ ಇಲ್ಲ. 2010ರ ನವೆಂಬರ್‌ನಲ್ಲಿ, ತಮ್ಮ ಪ್ರಾಮಾಣಿಕತೆಯನ್ನೇ ಪ್ರಶ್ನಿಸಲಾಗುತ್ತಿದೆ ಎಂದು ಸ್ಕಾಟಿಷ್ ರೆಫರಿಗಳು ಮುಷ್ಕರ ಹೂಡಿದರು. ಇಸ್ರೇಲ್, ಲಕ್ಸೆಂಬರ್ಗ್, ಮಾಲ್ಟಾದಿಂದ ರೆಫರಿಗಳನ್ನು ಕರೆತಂದು ಪಂದ್ಯ ಆಡಿಸಬೇಕಾಯಿತು.

ಫುಟ್‌ಬಾಲಿನ ನಿಯಮಗಳು ಮೂಡಿದ ಜಾಗದ ಹೆಸರಿನಲ್ಲೂ ಮೇಸನ್ನರಿದ್ದಾರೆ. 1863ರ ಅಕ್ಟೋಬರ್ 26ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ. ಸಭೆಗೆ ಅದು ಬರೀ ಜಾಗ. ಒಬ್ಬೊಬ್ಬರು ತಮ್ಮ ತಮ್ಮ ಶಾಲೆಯ ಪದ್ಧತಿಯಂತೆ ಆಡುತ್ತಿದ್ದವರು ಕೂತು, ವಾದಿಸಿ, ಎಲ್ಲರಿಗೂ ಒಂದೇ ನಿಯಮ ಬರೆದು ಅಚ್ಚು ಹಾಕಿಸಿದರು. ಒಪ್ಪದವರು ಎದ್ದುಹೋಗಿ ರಗ್ಬಿಯ ದಾರಿ ಹಿಡಿದರು. ಬರೆದ ನಿಯಮವನ್ನು ಯಾರು ಬೇಕಾದರೂ ಓದಬಹುದಿತ್ತು. ಲಾಡ್ಜ್ ಮತ್ತು ಮೈದಾನಗಳಿಗೆ ಇರುವ ವ್ಯತ್ಯಾಸ ಇದೇ.

ಜನಪಥದ ಕಟ್ಟಡ

ದೆಹಲಿಯ ಜನಪಥದಲ್ಲಿ ಫ್ರೀಮೇಸನ್ಸ್ ಹಾಲ್ ಇದೆ. 1961ರ ನವೆಂಬರ್ 24ರಂದು ಸ್ಥಾಪನೆಯಾದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದ ಕೇಂದ್ರ ಅದು. ಮೊದಲ ಗ್ರ್ಯಾಂಡ್ ಮಾಸ್ಟರ್ ರಾಂಪುರದ ನವಾಬ ರಝಾ ಅಲಿ ಖಾನ್. ಇಲ್ಲಿ ಒಬ್ಬೊಬ್ಬ ಸದಸ್ಯ ತನ್ನ ತನ್ನ ಧರ್ಮಗ್ರಂಥದ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡುತ್ತಾನೆ. ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಅವೆಸ್ತಾ ಒಂದೇ ಸೂರಿನಡಿ ಇರುತ್ತವೆ. ಗ್ಲಾಸ್ಗೋದಲ್ಲಿ ಒಂದೇ ಬಣ್ಣಕ್ಕೆ ತಿರುಗಿದ ಸಂಸ್ಥೆ ಭಾರತದಲ್ಲಿ ಹಲವು ಬಣ್ಣ ಪಡೆಯಿತು.

ಈ ಬಣ್ಣವೂ ಸುಲಭಕ್ಕೆ ಬರಲಿಲ್ಲ. ಕಲ್ಕತ್ತೆಯ ಪ್ರಸನ್ನ ಕುಮಾರ ದತ್ತ ಎಂಬ ಹಿಂದೂ ವ್ಯಾಪಾರಿ ಸದಸ್ಯತ್ವ ಕೇಳಿದಾಗ, ಹಲವು ದೇವರನ್ನು ನಂಬುವವನಿಗೆ ಜಾಗವಿಲ್ಲ ಎಂದು ತಕರಾರು ಎದ್ದಿತು. ಅವರು ಪಟ್ಟು ಬಿಡದೆ ಹೋರಾಡಿ 1872ರಲ್ಲಿ ಒಳಗೆ ಕಾಲಿಟ್ಟರು. ಸಮಾನತೆಯ ಮಾತನ್ನು ಗೋಡೆಯ ಮೇಲೆ ಬರೆದರೆ ಸಾಲದು, ಹೊರಗಿರುವವನಿಗೆ ಬಾಗಿಲು ತೆರೆದ ದಿನವೇ ಅದು ನಿಜವಾಗುವುದು.

ಧರ್ಮಕ್ಕೊಂದು ತಂಡ

ಕ್ರಿಕೆಟ್ಟಿನಲ್ಲಿ ನಾವು ತಂಡಗಳನ್ನೇ ಧರ್ಮದಂತೆ ಹಂಚಿಕೊಂಡಿದ್ದೆವು. ಬೊಂಬಾಯಿಯಲ್ಲಿ ಯುರೋಪಿಯನ್ನರು ಮತ್ತು ಪಾರ್ಸಿಗಳ ಪಂದ್ಯಕ್ಕೆ 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸ್ಲಿಮರು ಸೇರಿದರು. 1937ರಲ್ಲಿ ಉಳಿದವರದ್ದೊಂದು ತಂಡ ಸೇರಿ ಪೆಂಟಾಂಗ್ಯುಲರ್ ಆಯಿತು. ಕ್ರೈಸ್ತರಾದ ವಿಜಯ್ ಹಜಾರೆ ಆಡುತ್ತಿದ್ದುದು ಈ ಉಳಿದವರ ತಂಡಕ್ಕೆ. 1943ರ ಸಾಲಿನ ಫೈನಲ್‌ನಲ್ಲಿ ಹಿಂದೂಗಳ ಎದುರು ತಮ್ಮ ತಂಡದ 387 ರನ್‌ಗಳಲ್ಲಿ 309ನ್ನು ಅವರೊಬ್ಬರೇ ಹೊಡೆದರು.

ಧರ್ಮದ ತಂಡದ ಒಳಗೂ ಮೇಲು ಕೀಳು ಇತ್ತು. ಧಾರವಾಡದಲ್ಲಿ ಹುಟ್ಟಿದ ಪಾಲವಣಕರ್ ಬಾಳೂ ತಮ್ಮ ಕಾಲದ ದೇಶದ ಶ್ರೇಷ್ಠ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಆದರೂ ದಲಿತರಾದ ಅವರಿಗೆ ಹಿಂದೂ ತಂಡದ ನಾಯಕತ್ವ ಸಿಗಲಿಲ್ಲ. ಅವರ ತಮ್ಮ ವಿಠಲ್‌ಗೆ 1923ರಲ್ಲಿ ಸಿಕ್ಕಿತು. ಅದೂ ವರ್ಷಗಳ ಒತ್ತಾಯದ ನಂತರ. 1940ರ ಡಿಸೆಂಬರ್‌ನಲ್ಲಿ, ಇತ್ತ ದೆಹಲಿಯಲ್ಲಿ ಡ್ಯುರಾಂಡ್ ಫೈನಲ್ ನಡೆದ ತಿಂಗಳಿನಲ್ಲೇ, ವಾರ್ಧಾದಲ್ಲಿ ಹಿಂದೂ ಜಿಮ್ಖಾನಾದವರು ಗಾಂಧೀಜಿಯನ್ನು ಕಂಡರು. ಕೋಮಿನ ಹೆಸರಲ್ಲಿ ಆಡುವ ಪಂದ್ಯಗಳು ನಿಲ್ಲಬೇಕೆಂದು ಗಾಂಧೀಜಿ ಸ್ಪಷ್ಟವಾಗಿ ಹೇಳಿದರು. ಪೆಂಟಾಂಗ್ಯುಲರ್ 1946ಕ್ಕೆ ಮುಗಿಯಿತು. ಪ್ರಾಂತ್ಯಗಳ ಆಧಾರದ ರಣಜಿ ಟ್ರೋಫಿ ಉಳಿಯಿತು. ಮೈಸೂರು, ಬೊಂಬಾಯಿ, ದೆಹಲಿ ಎಂಬ ಹೆಸರಿನಡಿ ಯಾವ ಧರ್ಮದವನೂ ಆಡಬಹುದಾಯಿತು.

ಕೋಟ್ಲಾದ ಅಗೆದ ನೆಲ

ತಂಡದ ಹೆಸರಿನಿಂದ ಧರ್ಮ ಹೋಯಿತು. ಗ್ಯಾಲರಿಯಿಂದ ಹೋಗಲಿಲ್ಲ. 1999ರ ಜನವರಿಯಲ್ಲಿ ಪಾಕಿಸ್ತಾನ ತಂಡ ಬರುವುದನ್ನು ವಿರೋಧಿಸಿ ಶಿವಸೇನೆಯ ಕಾರ್ಯಕರ್ತರು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದ ಪಿಚ್ ಅಗೆದರು. ಮೊದಲ ಟೆಸ್ಟ್ ಚೆನ್ನೈಗೆ ಹೋಯಿತು. ಅಲ್ಲಿ ಪಾಕಿಸ್ತಾನ 12 ರನ್‌ಗಳಿಂದ ಗೆದ್ದಾಗ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಾಸಿಂ ಅಕ್ರಂ ಬಳಗ ಮೈದಾನಕ್ಕೊಂದು ಸುತ್ತು ಬಂದು ನಮಿಸಿತು.

ಸರಿಪಡಿಸಿದ ಕೋಟ್ಲಾದಲ್ಲಿ ಫೆಬ್ರುವರಿ 4ರಂದು ಎರಡನೇ ಟೆಸ್ಟ್ ಶುರುವಾಯಿತು. ಮೊಹಮ್ಮದ್ ಅಜರುದ್ದೀನ್ ಭಾರತದ ನಾಯಕ. 420 ರನ್ ಬೆನ್ನುಹತ್ತಿದ ಪಾಕಿಸ್ತಾನ ವಿಕೆಟ್ ಬೀಳದೆ 101 ಮುಟ್ಟಿತ್ತು. ಆಮೇಲೆ ನಡೆದದ್ದು ಪ್ರತಿ ಕನ್ನಡಿಗನಿಗೂ ಬಾಯಿಪಾಠ: ಅನಿಲ್ ಕುಂಬ್ಳೆ 74 ರನ್‌ಗೆ ಹತ್ತಕ್ಕೆ ಹತ್ತು. ಒಂಬತ್ತು ಬಿದ್ದ ಮೇಲೆ ಜಾವಗಲ್ ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಎಸೆದು ಗೆಳೆಯನಿಗೆ ದಾರಿ ಬಿಟ್ಟರು. ಬೆಂಗಳೂರಿನ ಎ.ವಿ. ಜಯಪ್ರಕಾಶ್ ಒಬ್ಬ ಅಂಪೈರ್, ಇನ್ನೊಬ್ಬರು ವೆಸ್ಟ್ ಇಂಡೀಸ್‌ನ ಸ್ಟೀವ್ ಬಕ್ನರ್.

ಹೊರದೇಶದ ಅಂಪೈರ್ ನಿಲ್ಲುವ ಪದ್ಧತಿ ಬಂದದ್ದು ಪಕ್ಷಪಾತದ ಗುಮಾನಿ ತೊಡೆಯಲು. ಆ ದಾರಿಯಲ್ಲಿ 1986ರ ಲಾಹೋರ್ ಟೆಸ್ಟ್ ಒಂದು ಮೈಲಿಗಲ್ಲು. ವೆಸ್ಟ್ ಇಂಡೀಸ್ ವಿರುದ್ಧದ ಆ ಪಂದ್ಯಕ್ಕೆ ಪಾಕಿಸ್ತಾನ ಕರೆಸಿದ್ದು ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅವರನ್ನು! ನಿಯಮ ಕಣ್ಣಿಗೆ ಕಾಣುವಂತಿದ್ದರೆ ಹಗೆಯ ದೇಶದವನನ್ನೂ ನಂಬಬಹುದು. ಕಾಣದಿದ್ದರೆ ಗ್ಲಾಸ್ಗೋದಂತೆ ನೆರೆಮನೆಯವನನ್ನೂ ನಂಬಲಾಗದು.

ಯಾರ ಸೋಲು ದ್ರೋಹ?

ಗೆದ್ದಾಗ ಎಲ್ಲ ಆಟಗಾರರೂ ನಮ್ಮವರೇ. ಪರೀಕ್ಷೆ ಇರುವುದು ಸೋತಾಗ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಟಿ20 ವಿಶ್ವಕಪ್ ಪಂದ್ಯದಲ್ಲಿ ಪಾಕಿಸ್ತಾನ ಹತ್ತು ವಿಕೆಟ್‌ಗಳಿಂದ ಗೆದ್ದಿತು. ಭಾರತದ ಒಬ್ಬ ಬೌಲರ್‌ಗೂ ವಿಕೆಟ್ ಸಿಗಲಿಲ್ಲ. ಬೈಗುಳ ಮಾತ್ರ ಮೊಹಮ್ಮದ್ ಶಮಿಯ ಧರ್ಮವನ್ನು ಹುಡುಕಿಕೊಂಡು ಹೋಯಿತು. ಮರುವರ್ಷ ಏಷ್ಯಾ ಕಪ್‌ನಲ್ಲಿ ಒಂದು ಕ್ಯಾಚ್ ಬಿಟ್ಟ ಸಿಖ್ ಹುಡುಗ ಅರ್ಷ್‌ದೀಪ್ ಸಿಂಗ್‌ಗೆ ಖಲಿಸ್ತಾನಿ ಪಟ್ಟ ಕಟ್ಟಿದರು. ಬೇರೆಯವರು ಕ್ಯಾಚ್ ಬಿಟ್ಟರೆ ಕೈ ಜಾರಿತು ಎನ್ನುತ್ತೇವೆ. ಇವರು ಬಿಟ್ಟರೆ ನಿಷ್ಠೆಯ ಲೆಕ್ಕ ಕೇಳುತ್ತೇವೆ. ಕ್ರೀಡೆಯಲ್ಲಿ ಸಮಾನತೆ ಎಂದರೆ ತಂಡದಲ್ಲಿ ಜಾಗ ಕೊಡುವುದಷ್ಟೇ ಆಗಲಾರದು. ಎಲ್ಲರಂತೆ ಕಳಪೆಯಾಗಿ ಆಡಿ, ಎಲ್ಲರಂತೆ ಟೀಕೆ ಕೇಳಿ, ಎಲ್ಲರಂತೆ ಮನೆಗೆ ಹೋಗಿ ಮಲಗುವ ಹಕ್ಕೂ ಅದರಲ್ಲಿ ಸೇರಬೇಕು.

ಅಂದಿನ ನಾಯಕ, ದೆಹಲಿಯ ವಿರಾಟ್ ಕೊಹ್ಲಿ, ಧರ್ಮದ ಹೆಸರಲ್ಲಿ ಒಬ್ಬನ ಮೇಲೆ ಎರಗುವುದಕ್ಕಿಂತ ಹೀನ ಕೆಲಸ ಇಲ್ಲವೆಂದು ಬಹಿರಂಗವಾಗಿ ಹೇಳಿದರು. ಅದಕ್ಕೆ ತೆತ್ತ ಬೆಲೆ ಅವರ ಎಳೆಯ ಮಗಳಿಗೆ ಬಂದ ಬೆದರಿಕೆ. ಅದೇ ಕೊಹ್ಲಿ 2023ರ ಅಕ್ಟೋಬರ್ 11ರಂದು ತಮ್ಮ ತವರು ಕೋಟ್ಲಾದಲ್ಲಿ, ಈಗಿನ ಅರುಣ್ ಜೇಟ್ಲಿ ಕ್ರೀಡಾಂಗಣದಲ್ಲಿ, ಅಫ್ಗಾನಿಸ್ತಾನದ ನವೀನ್ ಉಲ್ ಹಕ್‌ನನ್ನು ಗೇಲಿ ಮಾಡುತ್ತಿದ್ದ ಪ್ರೇಕ್ಷಕರಿಗೆ ಸಾಕು ಮಾಡಿ ಎಂದು ಕೈಸನ್ನೆ ಮಾಡಿದರು. ಇಬ್ಬರ ನಡುವೆ ಐಪಿಎಲ್‌ನಲ್ಲಿ ಜಗಳವಾಗಿತ್ತು. ಆ ದಿನ ತಬ್ಬಿಕೊಂಡು ಮುಗಿಸಿದರು. ಮೂರೇ ದಿನಗಳ ನಂತರ ಅಹಮದಾಬಾದಿನಲ್ಲಿ ಪಾಕಿಸ್ತಾನದ ರಿಜ್ವಾನ್ ಔಟಾಗಿ ಮರಳುವಾಗ ಗ್ಯಾಲರಿಯಿಂದ ಧಾರ್ಮಿಕ ಘೋಷಣೆ ಮೊಳಗಿತು. ಭಕ್ತಿಯ ಮಾತನ್ನು ಚುಚ್ಚಲು ಬಳಸಿದರೆ ಆಟಕ್ಕೂ ಅವಮಾನ, ಭಕ್ತಿಗೂ ಅವಮಾನ.

ಜನಸಂದಣಿಗೆ ಬುದ್ಧಿ ಹೇಳಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗ್ಲಾಸ್ಗೋದಲ್ಲಿ 1995ರಲ್ಲಿ ಸೆಲ್ಟಿಕ್ ಪಂದ್ಯ ನೋಡಿ ಮನೆಗೆ ಹೊರಟಿದ್ದ 16 ವರ್ಷದ ಹುಡುಗನೊಬ್ಬ ಕೊಲೆಯಾದ. ಅವನ ಶಾಲಾ ಗೆಳತಿ ಕಟ್ಟಿದ ನಿಲ್ ಬೈ ಮೌತ್ ಸಂಸ್ಥೆ ಇಂದಿಗೂ ಶಾಲೆಶಾಲೆಗೆ ಹೋಗಿ ಪಂಥದ್ವೇಷದ ವಿರುದ್ಧ ಮಾತಾಡುತ್ತದೆ. 2019ರಲ್ಲಿ ಅಭಿಮಾನಿಗಳ ದ್ವೇಷದ ಹಾಡಿಗಾಗಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ರೇಂಜರ್ಸ್ ಕ್ರೀಡಾಂಗಣದ ಒಂದು ಭಾಗವನ್ನೇ ಮುಚ್ಚಿಸಿತು. ನಮ್ಮಲ್ಲೂ ಇದು ಆಗಬೇಕು. ಧರ್ಮ, ಜಾತಿ ಎತ್ತಿ ಬೈದರೆ ಯಾವ ಸ್ಟ್ಯಾಂಡು ಎಷ್ಟು ಪಂದ್ಯ ಖಾಲಿ ಇರುತ್ತದೆ ಎಂಬುದನ್ನು ಮಂಡಳಿಗಳು ಟಿಕೆಟಿನ ಮೇಲೆಯೇ ಮುದ್ರಿಸಲಿ. ಆಟಗಾರನ ಮೇಲೆ ಇಂಥ ದಾಳಿ ನಡೆದ ದಿನವೇ ಮಂಡಳಿ ಅವನ ಪಕ್ಕ ನಿಲ್ಲಲಿ. ಶಾಲೆಯ ಪಿ.ಟಿ. ಮೇಷ್ಟ್ರು ಬಾಳೂ, ಸಲೀಂ, ಕುಂಬ್ಳೆಯರ ಕಥೆಯನ್ನು ಒಟ್ಟಿಗೆ ಹೇಳಲಿ.

ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ 2013ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಒಎನ್‌ಜಿಸಿ ತಂಡವನ್ನು 2–1ರಿಂದ ಸೋಲಿಸಿ, 73 ವರ್ಷಗಳ ಬಳಿಕ ಮತ್ತೆ ಡ್ಯುರಾಂಡ್ ಗೆದ್ದಿತು. ಹೆಸರು ಹಳೆಯದೇ, ಆದರೆ ಎಲ್ಲ ಧರ್ಮದ ಆಟಗಾರರಿಗೆ ಕ್ಲಬ್ಬು ಬಾಗಿಲು ತೆರೆದು ಆಗಲೇ ದಶಕಗಳಾಗಿದ್ದವು. ಕ್ಲಬ್ಬೊಂದಕ್ಕೆ ಇದು ಸಾಧ್ಯವಾದರೆ ಅಭಿಮಾನಿಗೂ ಸಾಧ್ಯ. ಮುಂದಿನ ಸಲ ನಮ್ಮ ತಂಡ ಸೋತಾಗ, ಕ್ಯಾಚ್ ಬಿಟ್ಟವನ ಹೆಸರು ಬೇರೆಯಾಗಿದ್ದರೆ ಇದೇ ಮಾತು ಆಡುತ್ತಿದ್ದೆನೇ ಎಂದು ಒಬ್ಬೊಬ್ಬರೂ ಕೇಳಿಕೊಳ್ಳೋಣ. ಆಡುತ್ತಿರಲಿಲ್ಲ ಎಂಬ ಉತ್ತರ ಬಂದರೆ ಬಾಯಿ ಮುಚ್ಚೋಣ. ಪಕ್ಕದ ಕುರ್ಚಿಯವನು ಆ ಮಾತು ಆಡಿದರೆ, ಅಲ್ಲೇ, ಆಗಲೇ, ತಪ್ಪು ಎಂದು ಹೇಳೋಣ.