ನಸುಗುನ್ನಿಯ ಬೀಜವೂ ಕಂಪವಾತರೋಗವೂ

ಬೇಲಿಯ ಮೇಲೆ ಹಬ್ಬಿ, ಕಾಯಿ ಬಲಿತ ಕಾಲದಲ್ಲಿ ಮೈಗೆ ಸೋಕಿದರೆ ತಡೆಯಲಾರದ ತುರಿಕೆಯನ್ನುಂಟುಮಾಡುವ ನಸುಗುನ್ನಿಯ ಬಳ್ಳಿಯನ್ನು ಅರಿಯದ ರೈತರು ನಮ್ಮ ನಾಡಿನಲ್ಲಿ ವಿರಳ. ಇದರದೇ ಜಾತಿಯ, ತುರಿಕೆಯಿಲ್ಲದ ತಳಿಯನ್ನು ತೋಟಗಳಲ್ಲಿ ನೆಲವನ್ನು ಮುಚ್ಚುವುದಕ್ಕೂ ಹಸುರುಗೊಬ್ಬರಕ್ಕೂ ಬೆಳೆಸುವುದುಂಟು. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ಕಪಿಕಚ್ಛುವೆಂದೂ ಆತ್ಮಗುಪ್ತವೆಂದೂ ಕರೆದಿವೆ. ಕೃಷಿಪತ್ರಿಕೆಯಲ್ಲಿ ರೋಗದ ವಿಚಾರವೇಕೆಂದು ವಾಚಕರು ಕೇಳಬಹುದು. ಕಂಪವಾತವೆಂಬ ವ್ಯಾಧಿಗೆ ಇಂದು ಮುಖ್ಯವಾಗಿರುವ ಔಷಧದ್ರವ್ಯವು ಈ ಬೀಜದಲ್ಲಿಯೇ ಇರುವುದು; ಆ ವ್ಯಾಧಿಯನ್ನು ತರುವುವೆಂದು ಶಂಕಿಸಲ್ಪಟ್ಟಿರುವ ಕೆಲವು ವಸ್ತುಗಳನ್ನೂ ನಾವೇ ಹೊಲಕ್ಕೆ ಒಯ್ಯುತ್ತಿರುವೆವು. ಆದುದರಿಂದ ಈ ಲೇಖನ.

ಈ ವ್ಯಾಧಿಯನ್ನು ೧೮೧೭ರಲ್ಲಿ ಲಂಡನ್ ನಗರದ ವೈದ್ಯ ಜೇಮ್ಸ್ ಪಾರ್ಕಿನ್ಸನ್ನನು ಆರು ಮಂದಿಯ ಸ್ಥಿತಿಯನ್ನು ಗಮನಿಸಿ ವರ್ಣಿಸಿದುದರಿಂದ ಅವನ ಹೆಸರೇ ಅದಕ್ಕೆ ನಿಂತಿತು. ಕೈ ಸುಮ್ಮನೆ ತೊಡೆಯ ಮೇಲಿರುವಾಗಲೇ ನಡುಗುವುದು, ಅಂಗಾಂಗಗಳು ಬಿಗಿಯುವುದು, ಎಲ್ಲ ಕೆಲಸವೂ ನಿಧಾನವಾಗುವುದು, ಹೆಜ್ಜೆ ಚಿಕ್ಕದಾಗುವುದು, ಇವು ಮುಖ್ಯ ಲಕ್ಷಣಗಳು. ಬರವಣಿಗೆ ಸಣ್ಣದಾಗುತ್ತ ಹೋಗುವುದೂ ಒಂದು ಗುರುತು. ಸಹಕಾರ ಸಂಘದಲ್ಲಿ ಸಹಿ ಹೊಂದಲಿಲ್ಲವೆಂದು ವೃದ್ಧರೊಬ್ಬರ ಕಾಗದವನ್ನು ಹಿಂದಿರುಗಿಸುವಾಗ ಇದನ್ನು ನೆನೆಯತಕ್ಕದ್ದು. ನಡುಕವೇ ಇಲ್ಲದೆ ಬರಿಯ ಜಡತೆಯಿಂದ ಆರಂಭವಾಗುವ ರೋಗಿಗಳೂ ಉಂಟು. ಅಂಥ ಆಳನ್ನು ಮೈಗಳ್ಳನೆಂದು ಕೂಲಿಯಿಂದ ಬಿಡಿಸುವುದು ಅನ್ಯಾಯವಾದೀತು. ಲೋಟವನ್ನು ಎತ್ತುವಾಗ ಮಾತ್ರ ನಡುಗುವ ಕೈ ಬಹುಮಟ್ಟಿಗೆ ಬೇರೆ ವ್ಯಾಧಿಯದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ಜಿಲ್ಲೆಯಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ಮನೆಮನೆಗೂ ಹೋಗಿ ವಿಚಾರಿಸಿ ೨೦೦೪ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಲಕ್ಷಕ್ಕೆ ೩೩ ಜನರಂತೆ ಈ ರೋಗಿಗಳು ಕಂಡುಬಂದರು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿಯೇ ಇವರ ಪ್ರಮಾಣ ಹೆಚ್ಚಾಗಿದ್ದಿತು.

ರೋಗದ ಮೂಲವು ಹೇಗೆ ತಿಳಿಯಿತೆಂಬುದರಲ್ಲಿಯೂ ನಮ್ಮ ಗಿಡವೊಂದರ ಪಾತ್ರವಿದೆ. ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಎಂಬ ಸಾರವನ್ನು ಕೊಟ್ಟರೆ ಮೊಲಗಳು ಕದಲದೆ ಬಿದ್ದುಬಿಡುವುವು. ೧೯೫೭ರಲ್ಲಿ ಸ್ವೀಡನ್ ದೇಶದ ಆರ್ವಿಡ್ ಕಾರ್ಲ್‌ಸನ್ ಎಂಬ ವಿದ್ವಾಂಸರು ಅಂಥ ಮೊಲಗಳಿಗೆ ಡೋಪಾ ಎಂಬ ದ್ರವ್ಯವನ್ನು ಚುಚ್ಚಲು ಅವು ಎದ್ದು ಓಡಾಡಿದುವು. ಡೋಪಾವು ಮಿದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವುದು. ಚಲನೆಗೆ ಅದೇ ಆಧಾರ. ೧೯೬೦ರಲ್ಲಿ ವಿಯೆನ್ನಾ ನಗರದ ಹಾರ್ನಿಕೀವಿಚ್ ಎಂಬವರು ಈ ರೋಗದಿಂದ ಮೃತರಾದವರ ಮಿದುಳನ್ನು ಪರೀಕ್ಷಿಸಿ, ಡೋಪಮೈನ್ ಬಹಳ ಕುಗ್ಗಿರುವುದನ್ನು ತೋರಿಸಿದರು. ೧೯೬೭ರಲ್ಲಿ ಅಮೆರಿಕದ ಕಾಟ್ಜಿಯಾಸ್ ಎಂಬವರು ಡೋಪಾವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಬಾಯಿಯ ಮೂಲಕ ಕೊಟ್ಟಾಗ, ವರ್ಷಗಟ್ಟಲೆ ಬಿಗಿದುಹೋಗಿದ್ದವರು ನಡೆಯತೊಡಗಿದರು. ಕಾರ್ಲ್‌ಸನ್ನರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆದರೆ ಇದೇ ದ್ರವ್ಯವನ್ನು ದಾಮೋದರನ್, ರಾಮಸ್ವಾಮಿ ಎಂಬ ಇಬ್ಬರು ಮದರಾಸಿನಲ್ಲಿ ನಸುಗುನ್ನಿಯ ಬೀಜದಿಂದ ಬೇರ್ಪಡಿಸಿ ೧೯೩೭ರಲ್ಲಿಯೇ ಪ್ರಕಟಿಸಿದ್ದರು. ಅದರ ಉಪಯೋಗ ಆಗ ಯಾರಿಗೂ ತಿಳಿದಿರಲಿಲ್ಲ.

ಬೀಜದ ಪುಡಿಯನ್ನೇ ಕೊಟ್ಟರೆ ಹೇಗೆಂದು ಹಲವು ಪರೀಕ್ಷೆಗಳು ನಡೆದಿವೆ. ೧೯೯೫ರಲ್ಲಿ ಪ್ರಕಟವಾದ ಭಾರತದ ಪರೀಕ್ಷೆಯಲ್ಲಿ ೬೦ ರೋಗಿಗಳು ೧೨ ವಾರ ಸೇವಿಸಿ ಸುಧಾರಿಸಿದರು. ಆದರೆ ಹೋಲಿಕೆಗೆ ಬೇರೆ ತಂಡವಿಲ್ಲದುದರಿಂದ ಅದು ಪೂರ್ಣ ಪ್ರಮಾಣವಾಗಲಾರದು. ೨೦೦೪ರಲ್ಲಿ ಲಂಡನ್ನಿನಲ್ಲಿ, ಯಾವುದನ್ನು ಕೊಟ್ಟರೆಂಬುದು ವೈದ್ಯನಿಗೂ ರೋಗಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಯಲ್ಲಿ ಗುಳಿಗೆಯು ಗುಣತೋರಲು ಸುಮಾರು ೬೯ ನಿಮಿಷ ಹಿಡಿದರೆ, ೩೦ ಗ್ರಾಂ ಬೀಜದ ಪುಡಿಯು ೩೫ ನಿಮಿಷಗಳಲ್ಲಿಯೇ ತೋರಿತು. ರೋಗಿಗಳಾದರೋ ಎಂಟೇ ಮಂದಿ. ಗುಳಿಗೆಯನ್ನು ಕೊಳ್ಳಲಾರದ ಬಡವರಿಗಾಗಿ ಬೊಲಿವಿಯಾ ದೇಶದಲ್ಲಿ ಹುರಿದ ಬೀಜದ ಪುಡಿಯನ್ನು ೧೮ ಜನರಿಗೆ ಕೊಟ್ಟು ನೋಡಿದ ಫಲಿತಾಂಶವು (೨೦೧೭) ಒಳ್ಳೆಯದಾಗಿಯೇ ಇದ್ದಿತು. ಆದರೆ ಮರುವರ್ಷ ಪ್ರಕಟವಾದ ಹದಿನಾರು ವಾರಗಳ ಪರೀಕ್ಷೆಯಲ್ಲಿ ೧೪ ಜನರ ಪೈಕಿ ಏಳು ಮಂದಿ, ಕೆಲವರು ಹೊಟ್ಟೆಯ ತೊಂದರೆಯಿಂದಲೂ ಕೆಲವರು ರೋಗ ಹೆಚ್ಚಿದುದರಿಂದಲೂ, ಪುಡಿಯನ್ನು ಬಿಟ್ಟರು. ಜಾಹೀರಾತುಗಳು ಮೊದಲಿನವನ್ನು ಹೇಳುವುವು, ಕೊನೆಯದನ್ನು ಹೇಳುವುದಿಲ್ಲ.

ಬೇಲಿಯ ಬೀಜವನ್ನು ಕುಟ್ಟಿ ಮನೆಯಲ್ಲಿ ಸೇವಿಸುವುದನ್ನು ನಾನು ಒಪ್ಪಲಾರೆನು. ಯಾತಕ್ಕೆಂದರೆ, ಬೀಜದ ನೂರು ಪಾಲಿನಲ್ಲಿ ಡೋಪಾವು ಸಾಮಾನ್ಯವಾಗಿ ೪ರಿಂದ ೬ ಪಾಲು ಇದ್ದರೂ ತಳಿ ಮತ್ತು ನೆಲದಂತೆ ಹೆಚ್ಚುಕಡಮೆಯಾಗುವುದು. ಪ್ರಮಾಣ ಮೀರಿದರೆ ವಾಂತಿ, ತಲೆತಿರುಗು, ಇಲ್ಲದುದು ಕಣ್ಣಿಗೆ ಕಾಣುವುದು ಮೊದಲಾದ ಉಪದ್ರವಗಳುಂಟು. ಗುಳಿಗೆಯಲ್ಲಿ ಕಾರ್ಬಿಡೋಪಾ ಎಂಬುದನ್ನು ಕೂಡಿಸಿರುವುದರಿಂದ ಡೋಪಾವು ಮಿದುಳನ್ನು ಸೇರುವ ಮೊದಲೇ ವ್ಯಯವಾಗದು, ವಾಕರಿಕೆಯೂ ಕಡಮೆ.

ಇನ್ನು ಕಳೆನಾಶಕದ ವಿಚಾರ. ೧೯೮೨ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ತರುಣರು ಕಳ್ಳತನದಿಂದ ತಯಾರಿಸಿದ ಮಾದಕದ್ರವ್ಯವನ್ನು ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಕಂಪವಾತದ ಮುದುಕರಂತೆ ಬಿಗಿದುಹೋದರು. ಅದರಲ್ಲಿದ್ದ ಎಂ.ಪಿ.ಟಿ.ಪಿ. ಎಂಬ ಕಲ್ಮಷವು ದೇಹದಲ್ಲಿ ಮಾರ್ಪಟ್ಟಾಗ ಆಗುವ ವಿಷದ ರಚನೆಯು ಪ್ಯಾರಾಕ್ವಾಟ್ ಕಳೆನಾಶಕವನ್ನು ಬಹಳವಾಗಿ ಹೋಲುವುದು. ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾ ಪ್ರಾಂತಗಳಲ್ಲಿ ಔಷಧ ಸಿಂಪಡಿಸುವವರನ್ನೂ ಅವರ ಪತ್ನಿಯರನ್ನೂ ಪರಿಶೀಲಿಸಿ ೨೦೧೧ರಲ್ಲಿ ಪ್ರಕಟಿಸಿದ ವರದಿಯಂತೆ, ಪ್ಯಾರಾಕ್ವಾಟ್ ಅಥವಾ ರೊಟಿನೋನ್ ಬಳಸಿದವರಲ್ಲಿ ಈ ರೋಗದ ಸಂಭವ ಸುಮಾರು ಎರಡೂವರೆ ಪಟ್ಟು. ಇದು ಸಂಬಂಧವನ್ನು ತೋರಿಸುವುದೇ ಹೊರತು ಪ್ರತಿಯೊಬ್ಬ ರೋಗಿಯ ಕಾರಣವನ್ನಲ್ಲ. ಫ್ರಾನ್ಸ್ ಸರ್ಕಾರವು ೨೦೧೨ರಲ್ಲಿ ಇದನ್ನು ಕೀಟನಾಶಕ ಬಳಸುವ ರೈತರ ವೃತ್ತಿರೋಗವೆಂದು ಅಂಗೀಕರಿಸಿತು. ಯೂರೋಪಿನ ಒಕ್ಕೂಟದಲ್ಲಿ ೨೦೦೭ರಿಂದ ಪ್ಯಾರಾಕ್ವಾಟಿಗೆ ಅನುಮತಿಯಿಲ್ಲ.

ಜಮೀನುದಾರರು ಮುಖ್ಯವಾಗಿ ಗಮನಿಸಬೇಕಾದುದು ೨೦೧೫ರ ವರದಿ. ಅದೇ ಅಮೆರಿಕದ ಬಳಕೆದಾರರಲ್ಲಿ, ರಕ್ಷಣೆಯ ಕೈಚೀಲವನ್ನು ತೊಡುತ್ತಿದ್ದವರಿಗೆ ಪ್ಯಾರಾಕ್ವಾಟಿನಿಂದ ರೋಗದ ಸಂಭವ ಹೆಚ್ಚಿದುದು ಕಾಣಲಿಲ್ಲ. ತೊಡದವರಲ್ಲಿ ಮಾತ್ರ ಕಂಡಿತು. ನಮ್ಮಲ್ಲಿ ಬರಿಗೈಯಲ್ಲಿ ಕಲಸಿ, ಸೋರುವ ಡಬ್ಬಿಯನ್ನು ಬೆನ್ನಿಗೇರಿಸಿ, ಒದ್ದೆಯಾದ ಪಂಚೆಯಲ್ಲಿಯೇ ಊಟಕ್ಕೆ ಕುಳಿತುಕೊಳ್ಳುವ ಆಳುಗಳನ್ನು ಎಲ್ಲ ತಾಲ್ಲೂಕುಗಳಲ್ಲಿಯೂ ಕಾಣಬಹುದು. ಒಂದು ಜೊತೆ ರಬ್ಬರಿನ ಕೈಚೀಲದ ಬೆಲೆಯು ಅರ್ಧ ದಿನದ ಕೂಲಿಯನ್ನೂ ಮೀರದು. ಅದನ್ನು ಒದಗಿಸುವುದು ಯಜಮಾನರದೇ ಕರ್ತವ್ಯ, ಆಳಿನದಲ್ಲ. ಅಡಕೆ, ತೆಂಗಿನ ತೋಟಗಳಲ್ಲಿ ಕಳೆಯನ್ನಡಗಿಸಲು ನಸುಗುನ್ನಿಯ ತುರಿಕೆಯಿಲ್ಲದ ತಳಿಯನ್ನು ಬಿತ್ತಿದರೆ ಸಿಂಪಡಿಸುವ ಕೆಲಸವೇ ಅಷ್ಟರಮಟ್ಟಿಗೆ ಕಡಮೆಯಾಗುವುದು.

ಗ್ರಾಮದಲ್ಲಿ ಮೇಲ್ಕಂಡ ಲಕ್ಷಣಗಳುಳ್ಳವರು ಇದ್ದರೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಗುಳಿಗೆಯನ್ನು ಆರಂಭಿಸಿದ ಮೇಲೆ ತಾವಾಗಿಯೇ ಒಮ್ಮೆಗೇ ನಿಲ್ಲಿಸುವುದು ಅಪಾಯ. ಬೇಳೆ, ಹಾಲು, ಮಾಂಸಗಳ ಸತ್ತ್ವವು ಈ ಔಷಧವು ರಕ್ತಕ್ಕೆ ಸೇರುವುದನ್ನು ತಡೆಯುವುದರಿಂದ, ಊಟಕ್ಕೆ ಅರ್ಧ ಗಂಟೆ ಮುಂಚೆ ನೀರಿನೊಡನೆ ಕೊಡುವಂತೆ ವೈದ್ಯರು ಸಾಮಾನ್ಯವಾಗಿ ಹೇಳುವರು.